ಅನ್ಯರ ಪಂಕ್ತಿಯಲ್ಲಿ ಕುಳಿತಾಗ

ಪರನಾಡಿನಲ್ಲಿ ಪರರ ಹಬ್ಬದ ಅಡುಗೆಯನ್ನು ಸಂತೋಷದಿಂದ ಉಂಡವನು ತನ್ನ ಮನೆಯ ಎಲೆಗೆ ಬೆನ್ನು ತೋರಿಸಿದಂತಾಗುವುದೇ? ಅಥವಾ ಆ ಊಟವೇ ಅವನಿಗೆ ತನ್ನ ಮನೆಯ ದಾರಿಯನ್ನು ತೋರಿಸಬಲ್ಲದೇ? ಈ ಪ್ರಶ್ನೆ ನನಗೆ ಯಾವುದೇ ಗ್ರಂಥದಿಂದ ಬಂದುದಲ್ಲ. ಮಗಳ ಕುಟುಂಬ ಕ್ರಿಸ್ಮಸ್ ರಜೆಗೆಂದು ಬಂದಿದ್ದಾಗ, ತಿರುಮಕೂಡಲು ನರಸೀಪುರದ ನಮ್ಮ ಮನೆಯ ಅಡುಗೆಕೋಣೆಯಿಂದಲೇ ಎದ್ದು ಬಂದ ಪ್ರಶ್ನೆಯಿದು. ಉತ್ತರವನ್ನು ಹುಡುಕುತ್ತ ಹೋದ ನನಗೆ ಕೊನೆಗೆ ಸಿಕ್ಕಿದ್ದು ನನ್ನದೇ ಒಂದು ಹಳೆಯ ತಪ್ಪು. ಅದನ್ನು ನಿಮ್ಮ ಮುಂದೆ ಇಡಬೇಕೆಂದು ಈ ಬರೆಹ.

ನನ್ನ ಮಗಳು ಮತ್ತು ಅಳಿಯ ಜಪಾನಿನ ಟೋಕಿಯೊ ನಗರದ ಎದೊಗಾವ ವಿಭಾಗದ ನಿಶಿ-ಕಸಾಯಿ ಎಂಬ ಬಡಾವಣೆಯಲ್ಲಿ ವಾಸವಾಗಿದ್ದಾರೆ. ೨೦೦೦ದ ಆಸುಪಾಸಿನಿಂದ ಕಂಪ್ಯೂಟರ್ ಕೆಲಸಕ್ಕಾಗಿ ಅಲ್ಲಿಗೆ ಹೋದ ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಬಡಾವಣೆಯದು. ಅಳಿಯನ ಊರು ನಂಜನಗೂಡು. ನಂಜನಗೂಡನ್ನು ದಾಟಿ ಬರುವ ಕಪಿಲೆ ನಮ್ಮೂರಿನಲ್ಲಿ ಕಾವೇರಿಯನ್ನು ಸೇರುವ ಹಾಗೆ ಎರಡು ಮನೆಗಳು ಸೇರಿದವು ಎಂದು ಮದುವೆಯ ದಿನ ಹಿರಿಯರೊಬ್ಬರು ಹರಸಿದ್ದರು. ಒಂಬತ್ತು ವರ್ಷದ ಮೊಮ್ಮಗಳು ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ, ಜಪಾನೀ ಮಕ್ಕಳ ಜೊತೆಯಲ್ಲೇ ಓದುತ್ತಿದ್ದಾಳೆ.

ಈ ಮಗು ವರ್ಷವನ್ನು ತಿನಿಸುಗಳಿಂದ ಎಣಿಸುತ್ತದೆ. ಡಿಸೆಂಬರ್ ೩೧ರ ರಾತ್ರಿ ಸೋಬಾ ಎಂಬ ನೀಳವಾದ ಶ್ಯಾವಿಗೆ. ಆಯುಷ್ಯವೂ ಹಾಗೆಯೇ ನೀಳವಾಗಲೆಂಬ ಹಾರೈಕೆ ಅದರಲ್ಲಿದೆ. ಹೊಸ ವರ್ಷದ ದಿನ ಅಂತಸ್ತು ಅಂತಸ್ತಾದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಒಸೆಚಿ ಎಂಬ ಹಬ್ಬದಡುಗೆ. ಅದರಲ್ಲಿನ ಸಿಹಿಯಾದ ಕಪ್ಪು ಕಾಳು ವರ್ಷವಿಡೀ ಗಟ್ಟಿಮುಟ್ಟಾಗಿ ದುಡಿಯುವಂತಾಗಲಿ ಎಂಬುದಕ್ಕೆ. ಫೆಬ್ರವರಿ ೩ರ ಸುಮಾರಿಗೆ ಹುರಿದ ಸೋಯಾ ಕಾಳನ್ನು ಎರಚಿ ಕೇಡನ್ನು ಹೊರಗಟ್ಟಿ, ತಮ್ಮ ವಯಸ್ಸಿನಷ್ಟು ಕಾಳುಗಳನ್ನು ಎಣಿಸಿ ತಿನ್ನುತ್ತಾರೆ. ಚೆರ್ರಿ ಹೂ ಅರಳಿದಾಗ ಅದೇ ಮರದ ಉಪ್ಪೂರಿಸಿದ ಎಲೆಯಲ್ಲಿ ಸುತ್ತಿದ ಅಕ್ಕಿಯ ಸಿಹಿ. ಶರತ್ಕಾಲದ ಹುಣ್ಣಿಮೆಗೆ ಬಿಳಿಯ ಅಕ್ಕಿಯುಂಡೆ. ವರ್ಷದ ಅತಿ ದೀರ್ಘ ರಾತ್ರಿಯಂದು ಕುಂಬಳಕಾಯಿಯ ಊಟ, ಯುಜು ಎಂಬ ನಿಂಬೆಜಾತಿಯ ಹಣ್ಣು ತೇಲಿಬಿಟ್ಟ ಬಿಸಿನೀರಿನ ಸ್ನಾನ. ಆಯಾ ಪದಾರ್ಥ ತನ್ನ ರುಚಿಯ ಶಿಖರದಲ್ಲಿರುವ ಕೆಲವೇ ದಿನಗಳಿಗೆ ಆ ಭಾಷೆಯಲ್ಲಿ ಶುನ್ ಎಂಬ ಒಂದು ಪುಟ್ಟ ಪದವೇ ಇದೆ. ೨೦೧೩ರಲ್ಲಿ ಯುನೆಸ್ಕೋ ಸಂಸ್ಥೆ ಜಪಾನಿನ ಈ ಆಹಾರ ಸಂಸ್ಕೃತಿಯನ್ನು, ಮುಖ್ಯವಾಗಿ ಹೊಸ ವರ್ಷದ ಅಡುಗೆಯೊಡನೆ ಅದಕ್ಕಿರುವ ನಂಟನ್ನು ಪರಿಗಣಿಸಿ, ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಶಾಲೆಯಲ್ಲಿ ಮಕ್ಕಳು ಬಿಳಿಯ ಮೇಲಂಗಿ ತೊಟ್ಟು ಸರದಿಯಂತೆ ತಾವೇ ಬಡಿಸುತ್ತಾರೆ. ಉಣ್ಣುವ ಮುನ್ನ ಎಲ್ಲರೂ ಕೈಜೋಡಿಸಿ 'ಇತದಾಕಿಮಸು' ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂಬುದು ಅದರ ಭಾವ. ಕೊಟ್ಟದ್ದನ್ನು ತಲೆಯ ಮೇಲಕ್ಕೆತ್ತಿ ಹಿಡಿಯುವುದು ಆ ಪದದ ಮೂಲಾರ್ಥ. ನಮ್ಮ ಹಿರಿಯರು ಪ್ರಸಾದವನ್ನೋ ಪುಸ್ತಕವನ್ನೋ ಕಣ್ಣಿಗೊತ್ತಿಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊಟ ಮುಗಿದ ಮೇಲೆ ಹೇಳುವ ವಂದನೆಯ ಮಾತಿನಲ್ಲಿ ಓಡಾಟ ಎಂಬ ಅರ್ಥ ಅಡಗಿದೆಯಂತೆ: ಈ ಊಟವನ್ನು ಒದಗಿಸಲು ಓಡಾಡಿದವರಿಗೆ ನಮಸ್ಕಾರ ಎಂದು.

ಇಷ್ಟನ್ನೂ ಮೊಮ್ಮಗಳು ಕಣ್ಣರಳಿಸಿ ಹೇಳುತ್ತಿದ್ದರೆ, ಮನೆಗೆ ಬಂದ ಬಂಧುಗಳಲ್ಲಿ ಕೆಲವರ ಮುಖ ಬಿಗಿಯಾಗುತ್ತಿತ್ತು. "ಅಲ್ಲಿನ ಹುಣ್ಣಿಮೆ ಗೊತ್ತು, ಇಲ್ಲಿನ ಸುಗ್ಗಿ ಗೊತ್ತಿಲ್ಲ" ಎಂದರು ಒಬ್ಬರು. ಮತ್ತೊಬ್ಬರು ಇನ್ನೂ ನೇರವಾಗಿ, "ಅವೆಲ್ಲ ಅವರ ದೇವರುಗಳ ಹಬ್ಬ. ನಮ್ಮ ಮಕ್ಕಳು ಅದರಲ್ಲಿ ಸೇರಬಹುದೇ?" ಎಂದು ಕೇಳಿದರು. ಎರಡೂ ಪ್ರಾಮಾಣಿಕವಾದ ಪ್ರಶ್ನೆಗಳೇ. ಅವನ್ನು ತಳ್ಳಿಹಾಕದೆ ಯೋಚಿಸೋಣ.

ಎರಡನೆಯ ಪ್ರಶ್ನೆ ಹೊಸದಲ್ಲ. ಕೊರಿಂಥದ ಆದಿಸಭೆಯನ್ನೇ ಅದು ಕಾಡಿತ್ತು. ಅನ್ಯದೇವತೆಗಳಿಗೆ ಅರ್ಪಿತವಾದ ಆಹಾರದ ಬಗ್ಗೆ ಅಲ್ಲಿನ ಭಕ್ತರು ಕೇಳಿದಾಗ, ಸಂತ ಪೌಲರು ತಟ್ಟೆಯಲ್ಲಿರುವ ಪದಾರ್ಥಕ್ಕಿಂತ ಪಕ್ಕದಲ್ಲಿ ಕುಳಿತಿರುವ ಸೋದರನ ಮನಸ್ಸಾಕ್ಷಿಯ ಕಡೆಗೇ ಹೆಚ್ಚು ಗಮನ ಸೆಳೆದರು. ನನ್ನ ಮಗಳು ಅನುಸರಿಸುತ್ತಿರುವುದೂ ಬಹುಮಟ್ಟಿಗೆ ಇದನ್ನೇ. ಹೊಸ ವರ್ಷದಂದು ನೆರೆಮನೆಯವರು ತಮ್ಮ ದೇಗುಲಕ್ಕೆ ಹೋಗುವಾಗ ಈಕೆ ಬಾಗಿಲವರೆಗೆ ಜೊತೆಗಿದ್ದು, ಹೊರಗೆ ಗೌರವದಿಂದ ನಿಲ್ಲುತ್ತಾಳೆ. ಅವರು ಮನೆಗೆ ಕರೆದು ಬಡಿಸಿದ್ದನ್ನು ಕೃತಜ್ಞತೆಯಿಂದ ಉಣ್ಣುತ್ತಾಳೆ. ತಾನು ಯಾರೆಂಬುದನ್ನು ಮರೆತೂ ಇಲ್ಲ, ಅವರು ಯಾರೆಂಬುದನ್ನು ಅಲ್ಲಗಳೆದೂ ಇಲ್ಲ.

ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಝೇವಿಯರರು ೧೫೪೯ರ ಆಗಸ್ಟ್ ೧೫ರಂದು ಜಪಾನಿನ ಕಾಗೋಶಿಮಾದಲ್ಲಿ ಕಾಲಿಟ್ಟರು. ಅದೇ ವರ್ಷ ಅಲ್ಲಿಂದ ಬರೆದ ಪತ್ರದಲ್ಲಿ ಆ ಜನರ ಮಿತಾಹಾರವನ್ನೂ, ಅನ್ನ ತರಕಾರಿಗಳಲ್ಲಿ ತೃಪ್ತರಾಗಿ ಅವರು ಆರೋಗ್ಯದಿಂದ ಬಾಳುವುದನ್ನೂ ಮೆಚ್ಚಿ ಬಣ್ಣಿಸಿದರು. ಬೋಧಿಸಲು ಹೋದವರು ಮೊದಲು ಅಲ್ಲಿನವರ ತಟ್ಟೆಯನ್ನು ಆದರದಿಂದ ನೋಡಿದರು ಎಂಬುದು ಗಮನಾರ್ಹ. ಇಂದು ಜಗತ್ತೆಲ್ಲ ಜಪಾನಿನದೆಂದೇ ತಿಳಿದಿರುವ ತೆಂಪುರ ಎಂಬ ಕರಿದ ತಿನಿಸು ಪೋರ್ಚುಗೀಸರಿಂದ ಅಲ್ಲಿಗೆ ಹೋದದ್ದು. ಧರ್ಮಸಭೆಯಲ್ಲಿ ಹಿಂದೆ ವರ್ಷದ ನಾಲ್ಕು ಋತುಗಳಲ್ಲಿ ಆಚರಿಸುತ್ತಿದ್ದ ಉಪವಾಸದ ದಿನಗಳ ಲತೀನ್ ಹೆಸರಿನಿಂದಲೇ ಆ ಪದ ಹುಟ್ಟಿತೆಂದು ಒಂದು ವಿವರಣೆಯೂ ಇದೆ.

ಇನ್ನು ಮೊದಲನೆಯ ಆಕ್ಷೇಪಣೆ: ಪರರದ್ದನ್ನು ಸವಿದರೆ ನಮ್ಮದು ಕೆಡುತ್ತದೆಯೇ? ನಮ್ಮದು ಎಂದರೆ ಯಾವುದು? ಮೈಸೂರು ಸೀಮೆಯ ಪ್ರಾಣವಾದ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಇಲ್ಲಿಗೆ ಬಂದ ಧಾನ್ಯ. ನಮ್ಮ ಉಪ್ಪುಸಾರಿನ ಖಾರಕ್ಕೆ ಬೇಕಾದ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ; ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಮುದ್ದೆ, ಉಪ್ಪುಸಾರು ಇವೆರಡಕ್ಕಿಂತ ನಮ್ಮದಾದ ಊಟ ಇನ್ನೊಂದುಂಟೇ? ಆದರೂ ಎರಡೂ ಒಂದು ಕಾಲಕ್ಕೆ ನಮ್ಮ ಬಾಗಿಲಲ್ಲಿ ನಿಂತ ಅತಿಥಿಗಳು. ಒಳಗೆ ಕರೆದೆವು, ಮನೆಯವರಾದರು.

ಆದರೆ ಇವೆರಡಕ್ಕಿಂತ ಕಠಿಣವಾದ ಮೂರನೆಯ ಆಕ್ಷೇಪಣೆಯೊಂದಿದೆ. ಅದನ್ನು ಎತ್ತಿದವಳು ನನ್ನ ಮಗಳೇ. "ಅಪ್ಪಾ, ನಾವು ಅಲ್ಲಿ ಹಬ್ಬವನ್ನು ಮಾತ್ರ ಉಣ್ಣುತ್ತೇವೆ, ಅದರ ಹೊರೆಯನ್ನು ಹೊರುವುದಿಲ್ಲ" ಎಂದಳು. ಎಷ್ಟು ನಿಜ! ಜಪಾನಿನಲ್ಲಿ ಕೃಷಿಯನ್ನೇ ಮುಖ್ಯ ಕಸುಬಾಗಿ ನಂಬಿದವರ ಸರಾಸರಿ ವಯಸ್ಸು ೨೦೨೦ರ ಗಣತಿಯಲ್ಲಿ ೬೮ರ ಸಮೀಪವಿತ್ತು. ಆ ದೇಶ ಉಣ್ಣುವ ಆಹಾರದಲ್ಲಿ, ಕ್ಯಾಲೊರಿಯ ಲೆಕ್ಕದಲ್ಲಿ, ತಾನೇ ಬೆಳೆಯುವುದು ೧೦೦ರಲ್ಲಿ ೪೦ಕ್ಕಿಂತ ಕಡಿಮೆ. ಹಬ್ಬಗಳೂ ವ್ಯಾಪಾರದಿಂದ ಪಾರಾಗಿಲ್ಲ. ಫೆಬ್ರವರಿಯ ಹಬ್ಬಕ್ಕೆಂದು ಅಂಗಡಿಗಳು ರಾಶಿರಾಶಿಯಾಗಿ ಮಾಡಿಡುವ ಅನ್ನದ ಸುರುಳಿಗಳು ಮಾರಾಟವಾಗದೆ ಕಸಕ್ಕೆ ಬೀಳುವುದು ಅತಿಯಾದಾಗ, ಬೇಡಿಕೆಗೆ ತಕ್ಕಷ್ಟೇ ತಯಾರಿಸಿರೆಂದು ೨೦೧೯ರಲ್ಲಿ ಅಲ್ಲಿನ ಸರಕಾರವೇ ವ್ಯಾಪಾರಿಗಳನ್ನು ಕೇಳಿಕೊಳ್ಳಬೇಕಾಯಿತು. ಆಹಾರ ಪೋಲಾಗುವುದನ್ನು ತಗ್ಗಿಸಲು ಅದೇ ವರ್ಷ ಕಾನೂನನ್ನೂ ಮಾಡಿತು. ದೂರದ ನಾಡನ್ನು ಸ್ವರ್ಗವೆಂದು ಭ್ರಮಿಸುವುದೂ ಅದನ್ನು ಅರಿಯದಿರುವ ಒಂದು ಬಗೆಯೇ.

ಹಾಗಾದರೆ ಸವಿಯುವವನ ಋಣವೇನು? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಆ ರಜೆಯಲ್ಲಿ ನಡೆದ ಎರಡು ಸಣ್ಣ ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ನಂಜನಗೂಡಿನಲ್ಲಿ. ಬೀಗರ ಮನೆಗೆ ಹೋದಾಗ ಮೊಮ್ಮಗಳು, "ಈ ಊರಿನ ಶುನ್ ಯಾವುದು?" ಎಂದು ಕೇಳಿದಳು. ಬೀಗರು ಹೆಮ್ಮೆಯಿಂದ "ರಸಬಾಳೆ" ಎಂದರು. ಹಣ್ಣು ತರಲು ಪೇಟೆಗೆ ಹೋದೆವು. ನಾಲ್ಕು ಅಂಗಡಿ ತಿರುಗಿದರೂ ಸಿಕ್ಕಿದ್ದು ಎಲ್ಲೆಡೆ ಸಿಗುವ ಬಾಳೆಯೇ. ಆ ನೆಲದ ಕಪ್ಪು ಮಣ್ಣಿನಲ್ಲಿ ವಿಶಿಷ್ಟ ಪರಿಮಳ ಪಡೆಯುವ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು ಎಷ್ಟೋ ವರ್ಷಗಳಾದವು. ಆದರೆ ಬೇರಿನ ಮೂಲಕ ಹರಡಿ ಗಿಡವನ್ನೇ ಸೊರಗಿಸುವ ಪನಾಮ ರೋಗಕ್ಕೆ ತೋಟಗಳು ತುತ್ತಾದವು. ಹೆಚ್ಚು ಇಳುವರಿಯ ತಳಿಗಳು ಆ ಜಾಗಕ್ಕೆ ಬಂದವು. ಹೆಸರು ಉಳಿಯಿತು, ಹಣ್ಣು ಅಪರೂಪವಾಯಿತು. ಮಗು ಪರವೂರಿನ ಹುಣ್ಣಿಮೆಯನ್ನು ಬಲ್ಲದೆಂದು ದೂರುವ ನಾವು ನಮ್ಮೂರಿನ ಹಣ್ಣನ್ನು ಅದರ ಕೈಗೆ ಕೊಡಲಾರದೆ ಹೋದೆವು.

ಎರಡನೆಯ ಸಂಗತಿ ನಮ್ಮ ಮನೆಯದು. ಜಪಾನಿನಲ್ಲಿ ಜನವರಿ ೭ರಂದು ಏಳು ಬಗೆಯ ಎಳೆಯ ಸೊಪ್ಪುಗಳನ್ನು ಹಾಕಿ ಅಕ್ಕಿಯ ಗಂಜಿ ಮಾಡುತ್ತಾರೆ. ಹಬ್ಬದೂಟದಿಂದ ದಣಿದ ಹೊಟ್ಟೆಗೆ ವಿಶ್ರಾಂತಿ, ವರ್ಷವಿಡೀ ಆರೋಗ್ಯ ಎಂಬ ಆಶಯ. ಏಳರಲ್ಲಿ ಎರಡು ನವಿಲುಕೋಸಿನಂಥ ಗಡ್ಡೆಯ ಮತ್ತು ಮೂಲಂಗಿಯ ಸೊಪ್ಪು. ಮಿಕ್ಕವು ಗದ್ದೆ ಬದುಗಳಲ್ಲಿ ತಾವಾಗಿ ಬೆಳೆಯುವ ಕಳೆಗಿಡಗಳೇ. ೧೮೭೩ರಲ್ಲಿ ಜಪಾನ್ ಹೊಸ ಪಂಚಾಂಗವನ್ನು ಒಪ್ಪಿಕೊಂಡ ಮೇಲೆ ಈ ದಿನ ಕಡುಚಳಿಯಲ್ಲಿ ಬೀಳುತ್ತದೆ; ಹಾಗಾಗಿ ಟೋಕಿಯೊದಲ್ಲಿ ಹೆಚ್ಚಿನವರು ಅಂಗಡಿಯಿಂದ ಏಳು ಸೊಪ್ಪಿನ ಪೊಟ್ಟಣವನ್ನು ಕೊಂಡು ತರುತ್ತಾರೆ. ಆ ಏಳರಂದು ತಾವು ಪ್ರಯಾಣದಲ್ಲಿರುವೆವೆಂದು ಮೊಮ್ಮಗಳು ನಾಲ್ಕರಂದೇ ಗಂಜಿಯಾಗಬೇಕೆಂದು ಹಟ ಹಿಡಿದಳು. ಪೊಟ್ಟಣ ಎಲ್ಲಿಂದ ತರುವುದು? ಆಗ ಮೂಲೆಯಲ್ಲಿ ಕುಳಿತಿದ್ದ ನನ್ನ ತಾಯಿ, ಎಂಬತ್ತು ದಾಟಿದ ಅವ್ವ, ಮೊಮ್ಮಗಳ ತೊದಲುಗನ್ನಡವನ್ನು ಕೇಳಿ ನಕ್ಕಳು. "ಏಳು ಯಾಕವ್ವಾ? ಬಾ, ಹತ್ತು ತರುಮಾ."

ಇಬ್ಬರೂ ನಾಲೆಯಾಚೆಯ ಗದ್ದೆಬದುವಿಗೆ ಹೋದರು. ನಾನು ಹಿಂದೆ ನಡೆದೆ. ಕೊಯ್ಲಾದ ಗದ್ದೆಯ ಅಂಚಿನಲ್ಲಿ ಅವ್ವ ಬಗ್ಗಿ ಬಗ್ಗಿ ಹೆಸರು ಹೇಳುತ್ತ ಕಿತ್ತಳು: ಹೊನಗನ್ನೆ, ಕನ್ನೆ, ಅಣ್ಣೆ, ಗಣಿಕೆ, ಒಂದೆಲಗ, ಗೋಣಿ ಸೊಪ್ಪು, ಕೀರೆ. ಮಗು ಒಂದು ಗಿಡವನ್ನು ಬೇರುಸಹಿತ ಎಳೆದಾಗ ಕೈಹಿಡಿದು ತಡೆದಳು. "ಬೇರು ಕೀಳಬಾರ್ದು ಮಗ. ಕುಡಿ ಚಿವುಟಿಕೊ. ನಾಳೆ ಬರೋರ್ಗೂ ಇರಬೇಕು."

ಪ್ರಿಯ ವಾಚಕರೇ, ಆ ಕ್ಷಣದಲ್ಲಿ ನಾನು ಜೇಬಿನಿಂದ ಫೋನು ತೆಗೆದು ಅವರಿಬ್ಬರ ಚಿತ್ರ ಹಿಡಿಯುತ್ತಿದ್ದೆ. ಹಿಡಿಯುತ್ತಿದ್ದಂತೆಯೇ ನನ್ನ ಕೈ ತಡೆಯಿತು.

ಅವ್ವ ಪರರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು ನಮ್ಮನ್ನು ಸಾಕಿದವಳು. ಸಂಜೆ ಮಡಿಲಲ್ಲಿ ತಂದ ಇದೇ ಬೆರಕೆ ಸೊಪ್ಪಿನ ಸಾರು, ಮುದ್ದೆ ನಮ್ಮ ನಿತ್ಯದ ಊಟ. ನಾನು ಓದಿದೆ, ಉಪಾಧ್ಯಾಯನಾದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಸಹೋದ್ಯೋಗಿಗಳೊಬ್ಬರು ಊಟದ ಹೊತ್ತಿಗೆ ಮನೆಗೆ ಬಂದರು. ಒಲೆಯ ಮೇಲೆ ಬೆರಕೆ ಸೊಪ್ಪಿನ ಸಾರಿತ್ತು. ನಾನು ಅದನ್ನು ಒಳಗೆ ಸರಿಸಿ, ಹೋಟೆಲಿನಿಂದ ಊಟ ತರಿಸಿ ಬಡಿಸಿದೆ. ಅವ್ವ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಗೆ ನೆಂಟರು ಬಂದ ದಿನ ಆ ಸಾರು ಎಂದೂ ಕುದಿಯಲಿಲ್ಲ. ಅದು ಬಡವರ ಊಟವೆಂದು, ಅದರ ವಾಸನೆಯಿಂದಲೇ ನಮ್ಮ ಹಿನ್ನೆಲೆ ತಿಳಿದುಬಿಡುವುದೆಂದು ನನಗೆ ನಾಚಿಕೆಯಾಗಿತ್ತು. ಈಗ ಅದೇ ಸೊಪ್ಪಿಗೆ ಮೊಮ್ಮಗಳು ಸಮುದ್ರದಾಚೆಯ ಒಂದು ಹೆಸರನ್ನು ಕೊಟ್ಟ ಕೂಡಲೇ ಅದು ಚಿತ್ರ ಹಿಡಿದಿಟ್ಟುಕೊಳ್ಳುವಷ್ಟು ಚೆಂದದ್ದಾಯಿತು!

ಬದಲಾದದ್ದು ಸೊಪ್ಪೇ? ಅಲ್ಲ. ಅದನ್ನು ಯಾರು ಉಣ್ಣುತ್ತಾರೆ ಎಂಬುದನ್ನು ನೋಡಿ ನಾನು ಅದರ ಬೆಲೆ ಕಟ್ಟುತ್ತಿದ್ದೆ. ಆಹಾರವನ್ನು ಮೇಲುಕೀಳೆಂದು ತೂಗುವಾಗ ನಾವು ತಕ್ಕಡಿಯಲ್ಲಿಡುವುದು ಮನುಷ್ಯರನ್ನೇ. ನಮ್ಮ ನಾಡಿನಲ್ಲಿ ಯಾರ ಮನೆಯ ನೀರನ್ನು ಯಾರು ಕುಡಿಯಬೇಕು, ಯಾರ ಪಂಕ್ತಿಯಲ್ಲಿ ಯಾರು ಕುಳಿತುಕೊಳ್ಳಬೇಕು ಎಂಬ ಕಟ್ಟಳೆಗಳು ಎಷ್ಟು ಜನರ ಮನಸ್ಸನ್ನು ನೋಯಿಸಿವೆಯೆಂಬುದು ನಿಮಗೆ ತಿಳಿಯದ್ದಲ್ಲ. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ನಮ್ಮ ಕ್ರೈಸ್ತ ಸಭೆಗಳೂ ಈ ದೋಷದಿಂದ ಪೂರ್ಣ ಮುಕ್ತವಾಗಿರಲಿಲ್ಲ. ಜಪಾನಿನವರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ನಮಗೆ ಸುಲಭ. ಅದಕ್ಕೆ ವಿಮಾನದ ಚೀಟಿ ಸಾಕು. ಊರ ಕೊನೆಯ ಬೀದಿಯವರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ನಡೆಯಬೇಕಾದದ್ದು ಒಂದು ಫರ್ಲಾಂಗು. ಆ ಒಂದು ಫರ್ಲಾಂಗನ್ನು ದಾಟದೆ ಎಷ್ಟು ಜನ್ಮಗಳು ಸವೆದಿವೆ!

ದೂರದವರನ್ನು ಮೆಚ್ಚುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಮೆಚ್ಚುಗೆ ಅಲ್ಲಿಗೇ ನಿಂತರೆ ಅದು ಬರಿಯ ನಾಲಗೆಯ ಸುಖ. ಅದು ನಮ್ಮನ್ನು ಹಿಂದಕ್ಕೆ ಕರೆತಂದು, ನಾವು ಕಡೆಗಣಿಸಿದ ಸಮೀಪದವರ ತಟ್ಟೆಯನ್ನೂ ಅದೇ ಆದರದಿಂದ ನೋಡುವಂತೆ ಮಾಡಿದರೆ ಆಗ ಋಣ ಸ್ವಲ್ಪವಾದರೂ ಸಂದಿತು. ನನ್ನ ಮೊಮ್ಮಗಳು ಜಪಾನಿನ ಶಾಲೆಯಲ್ಲಿ ಕಲಿತ ಗೌರವವನ್ನು ತನ್ನ ಮುತ್ತಜ್ಜಿಯ ಮಡಿಲಿಗೆ ತಂದು ಸುರಿದಳು. ಅವ್ವನಿಗೆ ಏನು ಗೊತ್ತು ಎಂದು ಅವಳನ್ನು ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ; ನಾನಂತೂ ಕೇಳಿರಲಿಲ್ಲ. ಮಗಳು ಹೇಳಿದ ಹೊರೆಯ ಮಾತಿಗೂ ಉತ್ತರ ಇಲ್ಲಿಯೇ ಇದೆಯೆಂದು ತೋರುತ್ತದೆ. ಪರನಾಡಿನ ರೈತನ ಹೊರೆಯನ್ನು ನಾವು ಹೊರಲಾರೆವು. ಆದರೆ ಅವನ ಅನ್ನ ನಮಗೆ ಕಲಿಸಿದ ಕೃತಜ್ಞತೆಯನ್ನು ನಮ್ಮೂರ ಗದ್ದೆಯಲ್ಲಿ ಬೆನ್ನು ಬಾಗಿಸಿದವರಿಗೆ ಸಲ್ಲಿಸಬಲ್ಲೆವು.

ಆ ರಾತ್ರಿ ಗಂಜಿಯಾಯಿತು. ಮಗು ಕೈಜೋಡಿಸಿ ತನ್ನ ಶಾಲೆಯ ಮಾತನ್ನು ಹೇಳಿತು. ನಾವು ನಮ್ಮ ಊಟದ ಪ್ರಾರ್ಥನೆಯನ್ನು ಹೇಳಿದೆವು. ಅವ್ವ ಒಂದು ಗುಟುಕು ಕುಡಿದು, "ಉಪ್ಪಿಲ್ಲ ಖಾರಿಲ್ಲ, ಬಾಣಂತಿ ಗಂಜಿ ಇದ್ದಂಗದೆ" ಎಂದಾಗ ಎಲ್ಲರೂ ನಕ್ಕೆವು. ಮರುದಿನ ಉಳಿದ ಸೊಪ್ಪಿಗೆ ಬೇಳೆ ಹಾಕಿ ಅವಳೇ ಸಾರು ಮಾಡಿಸಿದಳು. ಅಂದು ಮನೆಯಲ್ಲಿ ನೆಂಟರಿದ್ದರು. ಎಲ್ಲರಿಗೂ ಅದನ್ನೇ ಬಡಿಸಿದೆವು.

ಎಲ್ಲರೂ ಮಲಗಿದ ಮೇಲೆ ಅವ್ವನ ಬಳಿ ಕುಳಿತು ಹಳೆಯ ಮಾತನ್ನು ಎತ್ತಿದೆ. ಆ ದಿನ ಸಾರನ್ನು ಒಳಗೆ ಸರಿಸಿದ್ದು ತಪ್ಪಾಯಿತು ಎಂದೆ. "ಯಾವ ಮೇಷ್ಟ್ರು? ನಂಗೆ ಗ್ಯಾನ ಇಲ್ಲ ಕಣಪ್ಪ" ಎಂದಳು. ನಿಜವಾಗಿ ಮರೆತಿದ್ದಳೋ, ನನ್ನನ್ನು ಉಳಿಸಲು ಹಾಗೆಂದಳೋ ನಾನರಿಯೆ. ತಾಯಂದಿರ ಕ್ಷಮೆ ಅನೇಕ ವೇಳೆ ಮರೆವಿನ ವೇಷದಲ್ಲಿಯೇ ಬರುತ್ತದೆ.

ಹೊರಡುವ ಮುನ್ನ ಮೊಮ್ಮಗಳು ತನ್ನ ಪುಸ್ತಕದಲ್ಲಿ ಆ ಸೊಪ್ಪುಗಳ ಚಿತ್ರ ಬರೆದು, ಅವ್ವ ಹೇಳಿದ ಹೆಸರುಗಳನ್ನು ತನಗೆ ಸುಲಭವಾಗಿ ಬರುವ ಜಪಾನೀ ಅಕ್ಷರಗಳಲ್ಲಿ ಗುರುತಿಸಿಕೊಂಡಳು. ಅವ್ವನಿಗೆ ಯಾವ ಲಿಪಿಯೂ ಬಾರದು. ನನಗೆ ಆ ಲಿಪಿ ಬಾರದು. ನಮ್ಮ ಗದ್ದೆಯ ಜ್ಞಾನ ಮೊದಲ ಬಾರಿಗೆ ಬರೆಹಕ್ಕಿಳಿದದ್ದು ನಾವ್ಯಾರೂ ಓದಲಾರದ ಅಕ್ಷರದಲ್ಲಿ. ಅದನ್ನು ನೋಡಿ ನಾನೂ ಒಂದು ನೋಟ್‌ಪುಸ್ತಕ ತಂದೆ. ಈಗ ವಾರಕ್ಕೊಂದು ದಿನ ಅವ್ವನೊಡನೆ ಬದುವಿಗೆ ಹೋಗಿ, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇದುವರೆಗೆ ಹತ್ತೊಂಬತ್ತು ಹೆಸರುಗಳಾಗಿವೆ.

ನಿಮ್ಮ ಮನೆಯಲ್ಲಿಯೂ ಮೂಲೆಯಲ್ಲಿ ಕುಳಿತ ಒಬ್ಬ ಹಿರಿಯರಿರಬಹುದು. ನೀವು ನಾಚಿಕೆಯಿಂದ ಒಳಗೆ ಸರಿಸಿದ ಒಂದು ಪಾತ್ರೆಯಿರಬಹುದು. ನೀವು ಇನ್ನೂ ದಾಟದ ಒಂದು ಬೀದಿಯೂ ಇರಬಹುದು. ಮುಂದಿನ ಊಟಕ್ಕೆ ಕುಳಿತಾಗ, ಪ್ರಾರ್ಥನೆಯ ಮಾತು ಮುಗಿದ ಮೇಲೆ, ಕೈ ತೊಳೆದ ನೀರು ಆರುವಷ್ಟು ಹೊತ್ತು ಅವರನ್ನು ನೆನೆಯಿರಿ. ಸಾಧ್ಯವಾದರೆ ಎದ್ದು ಹೋಗಿ, ಅವರನ್ನೂ ಪಂಕ್ತಿಗೆ ಕರೆದುತನ್ನಿ. ಅವರು ಕರೆದರೆ, ಅವರ ಪಂಕ್ತಿಯಲ್ಲಿ ಹೋಗಿ ಕುಳಿತುಕೊಳ್ಳಿ.